ಇಪ್ಪತ್ತೇಳು, ಇಪ್ಪತ್ತೆಂಟು

ಮ್ಯಾನಿಟೋಬಾದಲ್ಲಿ ಬೇಸಿಗೆ ಅಂದರೆ ಹತ್ತು ವಾರ.
ಕೆರೆ ಪಾರ್ಕಿನ ಗೇಟುಗೂಡಿನಲ್ಲಿ ಕೂತು
ನನಗಿದು ಹತ್ತೊಂಬತ್ತನೆಯದು.
ಕಾರಿನ ಗಾಜು ಇಳಿಯುತ್ತದೆ, ಸೊಳ್ಳೆ ಒಳಹೋಗುತ್ತದೆ,
ಚೀಟಿ ಹರಿದು ಕೊಡುತ್ತೇನೆ:
ನಾಯಿಗೆ ಹಗ್ಗ ಕಡ್ಡಾಯ, ಸೌದೆ ಕಟ್ಟಿಗೆ ಏಳು ಡಾಲರ್,
ಹಳದಿ ತೇಲುಚೆಂಡಿನಾಚೆ ಈಜಬೇಡಿ.

ಜುಲೈ ಎರಡನೇ ಶುಕ್ರವಾರ
ಹವ್ರಿಲ್ಯುಕ್ ಅಣ್ಣತಮ್ಮಂದಿರು.
ಒಸ್ಟಾಪ್ ಮೊದಲು, ಮಿರೋನ್ ಅರ್ಧ ಗಂಟೆ ಬಿಟ್ಟು.
ಇಪ್ಪತ್ತೇಳು ಅಣ್ಣನಿಗೆ, ಇಪ್ಪತ್ತೆಂಟು ತಮ್ಮನಿಗೆ;
ಅವರಪ್ಪ ಟೆಂಟು ಹೊಡೆಯುತ್ತಿದ್ದ ಜಾಗ,
ಬೇರೆ ಕಡೆ ಇಬ್ಬರಿಗೂ ನಿದ್ದೆ ಹತ್ತುವುದಿಲ್ಲವಂತೆ.
ಗೋಧಿ ಹೊಲ ಮಾರಿದ ವರ್ಷ ಮಾತು ಬಿಟ್ಟರು.
ಯಾರು ಸಹಿ ಹಾಕಿದ್ದು, ಯಾರು ಹಾಕದ್ದು,
ಕೇಳಿದವರಿಗೆಲ್ಲ ಎರಡೆರಡು ಕಥೆ.

ಡೋರೀನ್ ಉಪ್ಪು ಮರೆತು ಬರುತ್ತಾಳೆ, ಬೇಕೆಂದೇ.
ಲೆಸ್ಯಾ ಉಪ್ಪಿನ ಜೊತೆ
ಅರ್ಧ ಬಾಣಲೆ ಆಲೂಗಡ್ಡೆ ಕಳಿಸುತ್ತಾಳೆ, ಬೇಕೆಂದೇ.
ಗಂಡಸರು ಮಾತ್ರ ಒಂದೇ ಕೊಡಲಿಗಾಗಿ
ನನ್ನ ಗೂಡಿಗೆ ಬೇರೆ ಬೇರೆ ಹೊತ್ತಿಗೆ ಬರುತ್ತಾರೆ.
‘ಅವನು ವಾಪಸು ಕೊಟ್ಟನಾ?’
ಹನ್ನೊಂದು ವರ್ಷದಲ್ಲಿ
ಅವರ ನಡುವೆ ನಡೆದ ಮಾತೆಂದರೆ ಇಷ್ಟೇ,
ಅದೂ ನನ್ನ ಬಾಯಲ್ಲಿ.

ಸಂಜೆ ಈಜು.
ಅಣ್ಣ ಹಲಗೆಕಟ್ಟೆಯಿಂದ ಧುಮುಕುತ್ತಾನೆ, ಹೊಟ್ಟೆ ಮೊದಲು;
ತಮ್ಮ ಜೊಂಡಿನ ಕಡೆಯಿಂದ:
ಮೊಣಕಾಲು, ಸೊಂಟ, ಒಂದು ಬೈಗುಳ, ಆಮೇಲೆ ಕತ್ತು.
ತೇಲುಚೆಂಡಿನ ಹಗ್ಗಕ್ಕೆ ಎರಡು ತುದಿ.
ಒಬ್ಬ ಕಾಲು ಬಡಿದರೆ
ಇನ್ನೊಬ್ಬನ ಗಲ್ಲಕ್ಕೆ ಅಲೆ ಮುಟ್ಟುತ್ತದೆ.
ಒರೆಸಿಕೊಳ್ಳುವುದಿಲ್ಲ.

ಈ ಸಲ ಶನಿವಾರ ರಾತ್ರಿ ಬಿರುಗಾಳಿ.
ಎಷ್ಟೋ ಟೆಂಟು ಗೂಟ ಸಮೇತ ಎದ್ದವು.
ಗಾಳಿ ತಗ್ಗಿದ ಮೇಲೆ ಟಾರ್ಚು ಹಿಡಿದು ಹೊರಟೆ.
ಇಪ್ಪತ್ತೆಂಟು ಬರಿದು,
ಬರ್ಚ್ ಕೊಂಬೆಯಲ್ಲಿ ಮಿರೋನನ ಟೆಂಟಿನ ಒಂದು ತೋಳು.
ಎದೆ ಧಸಕ್ಕೆಂದಿತು.
ಆಮೇಲೆ ಇಪ್ಪತ್ತೇಳರೊಳಗಿಂದ ಗೊರಕೆ.
ಒಂದು ನಿಂತರೆ ಇನ್ನೊಂದು,
ಎರಡೂ ಒಂದೇ ಅಚ್ಚಿನವು.

ಬೆಳಿಗ್ಗೆ ಒಂದೇ ದಾರದ ಮೇಲೆ ಇಬ್ಬರ ಒದ್ದೆ ಚಡ್ಡಿ.
‘ಮಾತಾಡಿದರಾ?’ ಲೆಸ್ಯಾಳನ್ನು ಕೇಳಿದೆ.
‘ಎಲ್ಲಿಯ ಮಾತು? ಜರುಗಿ ಜಾಗ ಬಿಟ್ಟರು, ಅಷ್ಟೆ.’

ಹತ್ತು ಗಂಟೆಗೆ ಮಿರೋನ್ ಗೂಡಿಗೆ ಬಂದ.
ಮೊಳೆಗೆ ತೂಗಿದ್ದ ಕೊಡಲಿಯನ್ನು ಕೇಳಲಿಲ್ಲ.
ಒಂದು ಕಟ್ಟು ಸೌದೆಗೆ ಏಳು ಡಾಲರ್ ಎಣಿಸಿ,
ನೀರಿನ ಕಡೆ ಮುಖ ಮಾಡಿ,
‘ಇಪ್ಪತ್ತೇಳಕ್ಕೆ ಹಾಕಿಸು’ ಎಂದ.

ಚೀಟಿಯಲ್ಲಿ ಹೆಸರಿನ ಜಾಗಕ್ಕೆ
ಮನೆತನದ ಹೆಸರಷ್ಟೇ ಬರೆದೆ.