ಸ್ಕ್ರೂಡ್ರೈವರಿನ ಕಿವಿ

ನ್ಯೂಪೋರ್ಟಿನ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ
ಗ್ವೆನ್ ಪ್ರಿಚರ್ಡ್ ನಾಡಿ ನೋಡಿದ್ದು ಹೀಗೆ:
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿನ ಎದೆಗೆ,
ಹಿಡಿ ತನ್ನ ಬಲಗಿವಿಗೆ,
ಕಣ್ಣು ಮುಚ್ಚಿ.
'ಮೂರನೇ ಇಂಜೆಕ್ಟರು' ಅನ್ನುವಳು. ಅಷ್ಟೆ.
ಬಿಚ್ಚಿ ನೋಡಿದರೆ ಮೂರನೆಯದೇ.

ಈಗ ಹೊಸ ಬಸ್ಸುಗಳು ಸಾಲಾಗಿ
ಗೂಟಕ್ಕೆ ಕಟ್ಟಿದ ಎಮ್ಮೆಗಳ ಹಾಗೆ
ರಾತ್ರಿಯೆಲ್ಲ ಕರೆಂಟು ಮೆಲುಕು ಹಾಕುತ್ತವೆ.
ಯಾರೂ ಇಲ್ಲದಾಗ ಒಮ್ಮೆ
ಒಂದರ ಪಕ್ಕೆಗೆ ಸ್ಕ್ರೂಡ್ರೈವರು ಒತ್ತಿದಳು.
ಕೇಳಿಸಿದ್ದು ಅವಳದೇ ನೆತ್ತರು.

ಕಳೆದ ವರ್ಷ ಬಳಿದ ಗೋಡೆ ಇನ್ನೂ ಬೆಳ್ಳಗಿದೆ.
ಎದುರುಮನೆಯ ಎಮ್ಲಿನ್,
ಹೊಗೆಯ ಮೇಲೆ ಹದಿನೇಳು ದೂರು ಬರೆದವನು,
ಹದಿನೆಂಟನೆಯದು ಬರೆದಿದ್ದಾನೆ:
ಐದು ಗಂಟೆಯ ಬಸ್ಸು ಕಿಟಕಿ ನಡುಗಿಸದೆ ಹೋಗುತ್ತದೆ,
ನನ್ನನ್ನಿನ್ನು ಎಬ್ಬಿಸುವವರು ಯಾರು ಸ್ವಾಮಿ?

ಯಾರ ದೂರಿನಲ್ಲೂ ಬರದ ಮಾತೊಂದಿದೆ.
ಮೊದಲ ಬಸ್ಸನ್ನು ಹೊರಡಿಸುವವಳಿಗೆ
ಬರಲು ಬಸ್ಸಿಲ್ಲ.
ನಾಲ್ಕಕ್ಕೆ ಗುಡ್ಡದಿಂದ ಒಬ್ಬಳೇ ಇಳಿಯುತ್ತಾಳೆ
ಹಳೇ ಪೆಟ್ರೋಲು ಕಾರಿನಲ್ಲಿ, ನಾಲ್ಕು ಸೀಟು ಖಾಲಿ.
ಹಿಂದೆ ನೈಜೆಲ್, ಅವನ ಕಾರಿನಲ್ಲಿ ಅವನೊಬ್ಬ.
ಫರ್ಜಾನಾ, ಅವಳದರಲ್ಲಿ ಅವಳೊಬ್ಬಳು.
ಸೇತುವೆಯ ಬಳಿ ಒಂದೇ ಕೆಂಪು ದೀಪಕ್ಕೆ ನಿಂತು,
ಮೂರು ಹೊಗೆಬಾಲ ಹಿಂದೆ ಬಿಟ್ಟುಕೊಂಡು,
ಗಾಜಿನಾಚೆಯಿಂದ ಮೂವರೂ ಕೈ ಬೀಸುತ್ತಾರೆ.
ಹೋಗುವುದು ಒಂದೇ ಗೇಟಿಗೆ.

ಜನವರಿಯ ಒಂದು ಬೆಳಗು
ಕಾರು ಎರಡು ಸಲ ಕೆಮ್ಮಿ ಕೂತಿತು.
ಏನೆಂದು ತಿಳಿಯಲು ಕ್ಷಣ ಸಾಕಾಯಿತು ಅವಳಿಗೆ,
ಸರಿಮಾಡಲು ಹತ್ತು ನಿಮಿಷ.
ಮಾಡಲಿಲ್ಲ. ಯಾಕೆಂದು ಗಂಡ ಇನ್ನೂ ಕೇಳುತ್ತಿದ್ದಾನೆ.
ಮಂಜಿನ ರಸ್ತೆಗೆ ಬಂದು
ಫರ್ಜಾನಾಳ ದೀಪಕ್ಕೆ ಕೈ ಅಡ್ಡ ಹಿಡಿದಳು.
ಮಾರನೆಯ ದಿನ ನೈಜೆಲನೂ ಹಿಂದಿನ ಸೀಟಿನಲ್ಲಿ,
ಮೊಣಕಾಲು ಗಲ್ಲಕ್ಕೆ ತಾಗಿಸಿ, ಗೊಣಗುತ್ತ.

ಮಧ್ಯಾಹ್ನ ಮನೆಗೆ ಮಾತ್ರ ಬಸ್ಸು.
ಮೂವತ್ತೊಂದು ವರ್ಷದಲ್ಲಿ ಮೊದಲ ಟಿಕೆಟ್ಟು.
ಗುಡ್ಡವನ್ನದು ಏದುಸಿರಿಲ್ಲದೆ ಹತ್ತಿತು.
ಮುಂದೆ ಯಾರೋ ಚಿಪ್ಸ್ ಕಡಿಯುವ ಸದ್ದು,
ಸಾರಿ ಯಾರು ಮೊದಲು ಹೇಳಬೇಕೆಂದು
ಇಬ್ಬರು ಹುಡುಗಿಯರ ಪಿಸುಜಗಳ,
ಆಮೇಲೆ, ಇವೆಲ್ಲದರ ಕೆಳಗೆ,
ಇರುವೆ ಹಲ್ಲು ಕಡಿದಷ್ಟು ಸಣ್ಣಗೆ ಒಂದು ಕಿರ್.

ಚೀಲದಿಂದ ಸ್ಕ್ರೂಡ್ರೈವರು ತೆಗೆದಳು,
ಬಗ್ಗಿ, ತುದಿ ನೆಲಕ್ಕಿಟ್ಟು, ಹಿಡಿ ಕಿವಿಗಿಟ್ಟು,
ಕಣ್ಣು ಮುಚ್ಚಿದಳು.
ಪಕ್ಕದ ಹುಡುಗ ಮೆಲ್ಲಗೆ ಸರಿದು ಕೂತ.
'ಹಿಂದಿನ ಎಡಗಾಲಿ, ಬೇರಿಂಗು' ಅಂದಳು.
ಅವನಿಗೋ, ಬಸ್ಸಿಗೋ.