ಶಾಂತವ್ವನ ಪಾಸು

ವಾಸ್ಕೋದಲ್ಲಿ ರಾತ್ರಿ ಹತ್ತೂವರೆ.
ಕೆಳಗೆ ಬೇಕರಿಯವರು ನಾಳಿನ ಪಾವಿಗೆ ಹಿಟ್ಟು ನಾದುತ್ತಿದ್ದಾರೆ,
ಮೇಲೆ ನಾನು
ಬಂದರಿನ ಸರ್ವರಿನ ಬಾಗಿಲು ಬಡಿಯುತ್ತಿದ್ದೇನೆ.
ನಾನೂರ ಮೂರು.
ಮತ್ತೆ ನಾನೂರ ಮೂರು.
ಒಳಗೆ ಬಿಡುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ.

ಕಂಟೇನರು ಎಲ್ಲಿದೆ ಎಂದು ಕೇಳುವುದಷ್ಟೇ ನನ್ನ ಕೆಲಸ.
ವಿಳಾಸ ಸರಿಯಿದೆ, ಕೀಲಿಯೂ ಸರಿಯಿದೆ.
ಮನೆಗೆ ಹೊರಟ ಫೆರ್ಮಿನ್ ಹೆಲ್ಮೆಟ್ಟು ಹಾಕಿಕೊಂಡೇ ಬಗ್ಗಿ ನೋಡಿದ:
'ಹೆಸರು ಏನಂತ ಹೇಳುತ್ತಿದ್ದೀಯ?'
ನಾನೇನೂ ಹೇಳಿರಲಿಲ್ಲ.
ಹೇಳದವರ ಪರವಾಗಿ ಲೈಬ್ರರಿಯೇ ಹೇಳಿಬಿಡುತ್ತದೆ:
ಯೂಸರ್-ಏಜೆಂಟ್ ಜಾವಾ, ಇಂತಿಷ್ಟನೇ ಆವೃತ್ತಿ.
ಬಾಗಿಲವನ ಮೂಗಿಗೆ ಅದು ಯಂತ್ರದ ವಾಸನೆ.
'ಮೊಝಿಲ್ಲಾ ಅಂತ ಬರಿ,' ಅಂದ, 'ಎಲ್ಲರೂ ಹಾಗೇ ಬರೆಯುವುದು.'
ಮೆಟ್ಟಿಲಿಳಿದು ಹೋದ.

ಎಲ್ಲರೂ ಹಾಗೇ.
ಅವ್ವ ಹನ್ನೊಂದು ವರ್ಷ
ಇದೇ ಬಂದರಿನ ಗೇಟಿನಲ್ಲಿ
ಶಾಂತವ್ವನಾಗಿ ಒಳಗೆ ಹೋದಳು.
ಪಾಸು ಶಾಂತವ್ವನದು,
ಫೋಟೋದಲ್ಲಿ ಇದ್ದದ್ದು ಶಾಂತವ್ವನ ಮೂಗುಬೊಟ್ಟು.
ನಿಜವಾದ ಶಾಂತವ್ವ ಬಾಣಂತನಕ್ಕೆಂದು ರೋಣಕ್ಕೆ ಹೋದವಳು
ತಿರುಗಿ ಬರಲಿಲ್ಲ;
ಮುಕಾದಮನಿಗೆ ತಲೆ ಎಣಿಕೆ ತುಂಬಿದರೆ ಸಾಕಿತ್ತು.
ಅದಿರಿನ ಕೆಂಪು ಧೂಳಿನಲ್ಲಿ ಸಂಜೆ ಹೊತ್ತಿಗೆ
ಯಾವ ಮುಖವೂ ಯಾವ ಫೋಟೋಗೂ ಹೊಂದುತ್ತಿರಲಿಲ್ಲ.
ಮೊದಮೊದಲು ಕೂಗಿದರೆ ಓಗೊಡಲು ಮರೆಯುತ್ತಿದ್ದಳಂತೆ.
ಆಮೇಲೊಮ್ಮೆ ಬೈನಾದ ಸಂತೆಯಲ್ಲಿ
ಯಾರೋ ಯಾರನ್ನೋ 'ಶಾಂತಾ' ಅಂದಾಗ
ತಾನೇ ತಿರುಗಿದಳು,
ಒಂದು ಕೈಯಲ್ಲಿ ಬದನೆಕಾಯಿ ಚೀಲ,
ಇನ್ನೊಂದರಲ್ಲಿ ನನ್ನ ಬೆರಳು.
'ನೀ ನೀಲವ್ವ ಅಲ್ಲೇನ ಬೇ?' ಅಂದೆ.
'ಗೇಟಿನ ಹೊರಗ, ಹೌದು,' ಅಂದಳು.

ಕೈಪಿಡಿ ಓದುತ್ತೇನೆ.
ಸೆಟ್‌ಹೆಡರ್ ಅಂದರೆ ಇದ್ದದ್ದನ್ನು ಅಳಿಸಿ ಬರೆಯುವುದು.
ಬರೀ ಹೆಡರ್ ಅಂದರೆ
ಇದ್ದದ್ದರ ಪಕ್ಕಕ್ಕೆ ಇನ್ನೊಂದನ್ನು ಕೂಡಿಸುವುದು.
ಕೆಲವನ್ನು ನಾವು ಮುಟ್ಟುವ ಹಾಗೇ ಇಲ್ಲ:
ಹೋಸ್ಟ್, ಅಂದರೆ ಯಾರ ಮನೆಗೆ ಹೊರಟಿದ್ದೇವೆ ಎಂಬುದು;
ಕಂಟೆಂಟ್-ಲೆಂಗ್ತ್, ಹೊತ್ತ ಹೊರೆ ಎಷ್ಟು ಎಂಬುದು.
ಅವನ್ನು ಲೈಬ್ರರಿಯೇ ಬರೆಯುತ್ತದೆ.
ಅಷ್ಟು ಹಣೆಬರಹ.
ಉಳಿದದ್ದು ತಲೆಬರಹ, ನಮ್ಮ ಕೈಯಕ್ಷರ.

ಮೊಝಿಲ್ಲಾ ಎಂದು ಟೈಪಿಸಿ ಅಳಿಸಿದೆ.
ಕಂಪನಿಯ ಹೆಸರು ಬರೆದೆ, ಆವೃತ್ತಿ ಒಂದು, ಫೋನ್ ನಂಬರು,
ಹುಡುಕಿದರೆ ಸಿಗುವ ಹಾಗೆ.
ಅಕ್ಸೆಪ್ಟ್-ಲ್ಯಾಂಗ್ವೇಜ್: ಕನ್ನಡಕ್ಕೆ ಪೂರ್ತಿ ಒಂದು,
ಕೊಂಕಣಿಗೆ ಸೊನ್ನೆ ಬಿಂದು ಒಂಬತ್ತು, ಹಿಂದಿಗೆ ಐದು,
ಇಂಗ್ಲಿಷಿಗೆ ಎಷ್ಟು ಕೊಡಲಿ ಎಂದು ಕೊಂಚ ಹೊತ್ತು ಕೂತೆ.
ಉತ್ತರ ಬರುವುದು ಹೇಗೂ ಅದರಲ್ಲೇ.
ಕೆಳಗೆ ಮೊದಲ ತಟ್ಟೆ ಒಲೆಗೆ ಹೋದ ಸದ್ದು.

ಆಮೇಲೆ, ಯಾರೂ ಕೇಳದ ಒಂದು ಸಾಲು:
ಎಕ್ಸ್-ಅವ್ವ, ನೀಲವ್ವ.
ಕನ್ನಡ ಅಕ್ಷರ ಕಂಡು ಲೈಬ್ರರಿ
ಸಲ್ಲದ ಮೌಲ್ಯ ಎಂದು ಕೆಂಪಗೆ ಕಿರುಚಿತು.
ರೋಮನ್ ಲಿಪಿಯಲ್ಲಿ ಬರೆದೆ. ಅಲ್ಲಿ ಒತ್ತಕ್ಷರವಿಲ್ಲ;
ಒಂದರ ಕಾಲಡಿ ಒಂದು ಇರಬೇಕಾದ ವಕಾರಗಳು
ಪಕ್ಕಪಕ್ಕದಲ್ಲಿ ನಿಂತವು,
ಪಾಳಿಗೆ ಸಾಲುಗಟ್ಟಿದ ಹೆಂಗಸರ ಹಾಗೆ.

ಇನ್ನೂರು.
ಕಂಟೇನರು ಎರಡನೇ ಧಕ್ಕೆಯಲ್ಲಿದೆ. ಗೋಡಂಬಿ. ಹದಿನೆಂಟು ಟನ್ನು.
ಪರಿಚಯವಿಲ್ಲದ ಹೆಡರನ್ನು ಸರ್ವರು ತಡೆಯುವುದಿಲ್ಲ,
ಓದುವುದೂ ಇಲ್ಲ,
ಸುಮ್ಮನೆ ಸರಿದು ದಾರಿ ಬಿಡುತ್ತದೆ.
ನಂಬಿಕೆಯಾಗದೆ ಇನ್ನೆರಡು ಸಲ ಕಳಿಸಿದೆ.

ಬೆಳಿಗ್ಗೆ ಫೆರ್ಮಿನ್ ನನ್ನ ಕೋಡಿನ ಪಕ್ಕ ಬರೆದಿಟ್ಟಿದ್ದ:
ಈ ಸಾಲು ಯಾಕೆ?
ಯಾಕೂ ಇಲ್ಲ ಎಂದು ಬರೆದು ತೆಗೆದೆ.
ಬಂದ ಹೆಡರುಗಳನ್ನೆಲ್ಲ ಬಂದರಿನವರು
ತೊಂಬತ್ತು ದಿನ ಲಾಗಿನಲ್ಲಿ ಇಡುತ್ತಾರಂತೆ.
ರಾತ್ರಿ ಹನ್ನೊಂದು ಹತ್ತರ ಹೊತ್ತಿಗೆ,
ಮೂರು ಸಲ,
ಗೇಟಿನ ಒಳಗೆ,
ನೀಲವ್ವ.