ಸಾದಾ ಕಾಲ್

ನಾಪೋಕ್ಲು ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ
ವಯರಿನ ತುದಿ ಹಿಡಿದು ಕೂತವಳು ನಾನು.
ಮಡಿಕೇರಿಗೆ ಇದ್ದದ್ದು ಒಂದೇ ಟ್ರಂಕ್ ಲೈನು;
ಆನೆ ಕಂಬಕ್ಕೆ ಬೆನ್ನು ಉಜ್ಜಿದರೆ ಅದೂ ಇಲ್ಲ.

ಮೂರು ಬಗೆಯ ಕರೆ ಆಗ: ಸಾದಾ, ಅರ್ಜೆಂಟ್, ಲೈಟ್ನಿಂಗ್.
ಲೈಟ್ನಿಂಗಿಗೆ ಎಂಟು ಪಟ್ಟು ದುಡ್ಡು.
ಕೊಟ್ಟವರ ಮಾತು ಮುಂದೆ,
ಉಳಿದವರದು ನನ್ನ ಪುಸ್ತಕದಲ್ಲಿ
ಪೆನ್ಸಿಲಿನ ಗೆರೆಯಾಗಿ ಮಲಗಿರುತ್ತಿತ್ತು.

ಒಂದು ಸಂಜೆ ಮರ ಕುಯ್ಯುವ ಮೊಯ್ದು ಬಂದ.
ಹೆಂಡತಿ ತಲಶ್ಶೇರಿಯ ಆಸ್ಪತ್ರೆಯಲ್ಲಿ, ಚೊಚ್ಚಲು.
ಅಂಗಿಯ ತೋಳಲ್ಲಿ ಇನ್ನೂ ನಂದಿಮರದ ಪುಡಿ.
ಸಾದಾ ಕಾಲ್ ಬರೆಸಿ ಬೆಂಚಿನ ಮೇಲೆ ಕೂತ,
ಎದ್ದ, ಮತ್ತೆ ಕೂತ.
ಕಕ್ಕಬ್ಬೆ ಕಡೆಯ ಸಾಹುಕಾರರ ಲೈಟ್ನಿಂಗ್ ಬಂತು:
ಮೈಸೂರು ರೇಸಿನಲ್ಲಿ ಯಾವ ಕುದುರೆ ಗೆದ್ದಿತು?
ಕೆಟ್ಟವರೇನಲ್ಲ; ಹುತ್ತರಿಗೆ ತಪ್ಪದೆ
ಬುಟ್ಟಿ ತುಂಬ ಕಿತ್ತಳೆ ಕಳಿಸುತ್ತಿದ್ದರು.
ಆಮೇಲೆ ಅವರ ಭಾವನದು, ಆಮೇಲೆ ಏಲಕ್ಕಿ ದಲ್ಲಾಳಿಯದು.
ಆರು ಗಂಟೆ ಮೊಯ್ದು ನನ್ನ ಬೆರಳುಗಳನ್ನೇ ನೋಡಿದ.
ನಾನು ನಿಯಮದ ಪುಸ್ತಕ ನೋಡಿದೆ.

ಹನ್ನೊಂದೂಕಾಲಿಗೆ ಲೈನು ಸಿಕ್ಕಿತು.
ಹೆಣ್ಣು ಮಗು. ಇಬ್ಬರೂ ಕ್ಷೇಮ.
ಅವನು ಕಾಲ್ ಬರೆಸುವ ಮೊದಲೇ ಹುಟ್ಟಿತ್ತಂತೆ.
ನಗುತ್ತಾ ಬೀಡಿ ಹಚ್ಚಲು ಹೋಗಿ
ಮೂರು ಸಲ ಕಡ್ಡಿ ತಪ್ಪಿ ಗೀರಿದ.
ಒಳ್ಳೆಯ ಸುದ್ದಿಯೇ.
ಆದರೂ ಆ ಆರು ಗಂಟೆ ಯಾರ ಖಾತೆಗೆ?
ನಾನು ರಶೀದಿ ಹರಿದು ಕೊಟ್ಟದ್ದು ಮೂರು ನಿಮಿಷಕ್ಕೆ ಮಾತ್ರ.

ಮೊನ್ನೆ ಸಂತೆಯಲ್ಲಿ, ಒಣಮೀನಿನವಳಿಗೂ
ಕತ್ತಿ ಸಾಣೆಯವನಿಗೂ ನಡುವೆ ಬಣ್ಣದ ಕೊಡೆ ನೆಟ್ಟು
ಕಂಪನಿಯ ಹುಡುಗ ಸಿಮ್ ಹಂಚುತ್ತಿದ್ದ.
"ನಾಲ್ಕು ಆಪ್ ಬಿಟ್ಟಿ ಅಜ್ಜಿ, ತಿಂಗಳಿಡೀ.
ಮಿಕ್ಕದ್ದಕ್ಕೆ ಮಾತ್ರ ಕಾಸು."
ಆ ನಾಲ್ಕನ್ನು ಆರಿಸಿದ್ದು ಯಾರಪ್ಪ, ಎಂದೆ.
ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಕ್ಕ.
ಅವನಿಗೂ ಗೊತ್ತಿಲ್ಲ, ಪಾಪ.

ಲೈನ್‌ಮನೆಯ ಮುತ್ತಿ ಎರಡು ಸಿಮ್ ತಗೊಂಡಳು.
"ಏನೂ ಇಲ್ಲದ್ದಕ್ಕಿಂತ ನಾಲ್ಕು ಬಾಗಿಲು ತೆರೆದರೆ ತಪ್ಪೇನು?
ನಿಮ್ಮನೇಲಿ ವೈಫೈ ಇದೆ, ನ್ಯಾಯ ಮಾತಾಡ್ತೀರಿ."
ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಆದರೆ ಫಾರೆಸ್ಟ್ ವಾಚರ್ ತಮ್ಮುವಿನ ಮಗ ದಿನಾ ಸಂಜೆ
ಆನೆ ಎಲ್ಲಿದೆ ಎಂದು ಬರೆಯುವ ಒಂದು ಪುಟವಿದೆ:
ಒಂಟಿ ಸಲಗ, ಹೊಳೆ ಬದಿ, ಹಲಸಿನ ಮರದ ಹತ್ತಿರ.
ಅದಕ್ಕೆ ಜಾಹೀರಾತಿಲ್ಲ, ಚಂದವಿಲ್ಲ, ಕಾಗುಣಿತವೂ ಇಲ್ಲ.
ಮುತ್ತಿಯ ಅವ್ವ ತೋಟದಿಂದ ನಡೆದು ಬರುವ ಹೊತ್ತಿಗೆ
ಆ ಪುಟ ತೆರೆಯಲಿಲ್ಲ. ನಾಲ್ಕರಲ್ಲಿ ಅದಿಲ್ಲ.
ಕ್ರಿಕೆಟ್ ಮಾತ್ರ ನೀರಿನಂತೆ ಹರಿಯಿತು.
ಅವ್ವ ಕ್ಷೇಮವಾಗಿ ಬಂದಳು;
ಆನೆಗೆ ಆ ದಿನ ಬೇರೆ ಕಡೆ ಕೆಲಸವಿತ್ತು.

ನಮ್ಮ ಕಡೆ ಓಣಿ ಎಂದರೆ ಎರಡೂ ಬದಿ ಮಣ್ಣಿನ ಬರೆ,
ಬರೆಯಾಚೆ ತೋಟ, ನಡುವೆ ಯಾರದ್ದೂ ಅಲ್ಲದ ದಾರಿ.
ಹೊರೆಯೊಳಗೆ ಏನಿದೆ ಎಂದು ಓಣಿ ಕೇಳುವುದಿಲ್ಲ:
ಭತ್ತವೋ, ಕೋವಿಯೋ, ಮದುವೆಯ ಪೆಟ್ಟಿಗೆಯೋ, ಹೆಣವೋ.
ಅಡ್ಡ ಗೇಟು ಹಾಕಿದವನನ್ನು ಊರುತಕ್ಕರು ಕರೆಸಿ ಕೇಳುತ್ತಿದ್ದರು.
ಹೀಗೆಂದು ಮುತ್ತಿಗೆ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ.

ಅವಳು ಫೋನಿನಿಂದ ತಲೆ ಎತ್ತಲಿಲ್ಲ:
"ಹೌದು. ನಿಮ್ಮಜ್ಜ ಎದುರು ಬಂದರೆ
ನಮ್ಮಜ್ಜ ಬರೆ ಹತ್ತಿ ನಿಲ್ಲಬೇಕಿತ್ತಂತೆ,
ಹೊರೆ ಸಮೇತ."

ಅದೂ ಲೈಟ್ನಿಂಗ್ ಕಾಲೇ.
ದುಡ್ಡು ಕೂಡ ಕೊಡದ ಲೈಟ್ನಿಂಗ್.

ಸರ್ಕಾರ ಜನರ ಅಭಿಪ್ರಾಯ ಕೇಳಿದೆಯಂತೆ,
ಕೊನೆಯ ದಿನ ಇವತ್ತು.
ನನ್ನ ವೈಫೈ ನಿನ್ನೆಯ ಗಾಳಿಗೆ ಸತ್ತಿದೆ.
ಸೇತುವೆಯ ತಿರುವಿನಲ್ಲಿ ಒಂದು ಕಡ್ಡಿ ಸಿಗ್ನಲ್;
ಅಲ್ಲಿ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದೇವೆ.
ಮುತ್ತಿ ಎರಡೇ ಸಾಲು ಬರೆದಳು. ಒಂದರಲ್ಲಿ ಆನೆ ಇತ್ತು.
ಇನ್ನೊಂದನ್ನು ಅಂಗೈಯಲ್ಲಿ ಮುಚ್ಚಿಕೊಂಡು
ಕಳಿಸು ಒತ್ತಿದಳು.

ಪರದೆಯ ಮೇಲೆ ಸಣ್ಣ ಚಕ್ರ ಸುತ್ತುತ್ತಿದೆ.
ಕೆಳಗೆ ಹೊಳೆ ಕೆಂಪಗಿದೆ.
ನನ್ನ ಬಲಗೈ ಇಲ್ಲದ ವಯರಿಗಾಗಿ ತಡಕುತ್ತದೆ.

"ಎಷ್ಟು ಹೊತ್ತಾಗುತ್ತೆ ಅಜ್ಜಿ?"

ಏನು ಹೇಳಲಿ.
ಕಾಯಿಸಿ ಗೊತ್ತು ನನಗೆ.
ಕಾದು ಗೊತ್ತಿಲ್ಲ.